ಲಕ್ಕಿ ಸೊಪ್ಪಿನ ಸತ್ವ, ಇಲಿಯ ಪಾದದ ಊತ

ಎಂ.ಫಾರ್ಮ್ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಲಕ್ಕಿ ಗಿಡ. ನೆಕ್ಕಿ ಅಂತಲೂ ಕರೀತಾರೆ, ಶಾಸ್ತ್ರೀಯ ಹೆಸರು ವೈಟೆಕ್ಸ್ ನೆಗುಂಡೊ. ಹಳ್ಳದ ದಂಡೆ, ಹೊಲದ ಬೇಲಿ, ಎಲ್ಲಿ ಬೇಕಾದರೂ ಸಿಗುತ್ತದೆ. ಬಾಣಂತಿ ಸ್ನಾನದ ನೀರಿಗೆ, ಮಂಡಿ ನೋವಿನ ಶಾಖಕ್ಕೆ ಇದರ ಸೊಪ್ಪು ಹಾಕುವುದು ಗೊತ್ತೇ ಇದೆ ಅಲ್ವಾ? ಊತ ಇಳಿಯುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಲ್ಯಾಬಿನಲ್ಲಿ ನೋಡಬೇಕಾದದ್ದು ಅದು ಎಷ್ಟು ಇಳಿಯುತ್ತದೆ, ಮುಖ್ಯವಾಗಿ ಯಾವ ಹೊತ್ತಿಗೆ ಇಳಿಯುತ್ತದೆ ಅನ್ನುವುದನ್ನು.

ಸೊಪ್ಪನ್ನು ನೆರಳಲ್ಲೇ ಒಣಗಿಸಿದೆ. ಬಿಸಿಲಿಗೆ ಹಾಕಿದರೆ ಆ ಘಾಟು ವಾಸನೆಯ ಎಣ್ಣೆ ಅಂಶ ಹಾರಿಹೋಗುತ್ತದೆ. ಒಂದು ಕೊಂಬೆಯನ್ನು ಸಸ್ಯಶಾಸ್ತ್ರದವರಿಗೆ ಕೊಟ್ಟು ಗಿಡ ಇದೇ ಅಂತ ಖಚಿತ ಮಾಡಿಸಿಕೊಂಡೆ, ಈ ಕೆಲಸ ಬಿಟ್ಟರೆ ಮುಂದಿನದ್ದಕ್ಕೆಲ್ಲ ಬೆಲೆಯಿಲ್ಲ. ಪುಡಿಯನ್ನು ಮೊದಲು ಪೆಟ್ರೋಲಿಯಂ ಈಥರ್‌ನಲ್ಲಿ ಹಾಕಿ ಜಿಡ್ಡು ತೆಗೆದು, ಆಮೇಲೆ ಸಾಕ್ಸ್‌ಲೆಟ್‌ನಲ್ಲಿ (ಕಾದ ದ್ರಾವಕವನ್ನು ಪುಡಿಯ ಮೇಲೆ ಮತ್ತೆ ಮತ್ತೆ ಹಾಯಿಸುವ ಗಾಜಿನ ಉಪಕರಣ) ಎಥನಾಲ್ ಅಂದರೆ ಆಲ್ಕೋಹಾಲ್ ಬಳಸಿ ಸತ್ವ ತೆಗೆದೆ. ಸೈಫನ್ ಕೊಳವೆಯಲ್ಲಿ ಇಳಿಯುವ ದ್ರಾವಣ ಹಸಿರು ಬಿಟ್ಟು ನೀರಿನಂತೆ ಆಗುವವರೆಗೂ ಓಡಿಸಬೇಕು. ರೋಟರಿ ಇವಾಪೊರೇಟರ್‌ನಲ್ಲಿ ಕಡಿಮೆ ಶಾಖದಲ್ಲಿ ಆಲ್ಕೋಹಾಲ್ ಹಾರಿಸಿದ ಮೇಲೆ ಉಳಿಯುವುದು ಜೋನಿ ಬೆಲ್ಲದ ಹಾಗೆ ಅಂಟಂಟಾದ ಕಡು ಹಸಿರು ಮುದ್ದೆ. 100 ಗ್ರಾಂ ಪುಡಿಗೆ 10 ಗ್ರಾಂ ಆಸುಪಾಸು ಸಿಕ್ಕಿತು.

ತುಂಬಾ ಜನ ಇಲ್ಲಿಂದ ಮೊಟ್ಟೆಯ ಬಿಳಿಭಾಗದ ಟೆಸ್ಟಿಗೆ ಹೋಗಿ ಅಲ್ಲೇ ನಿಲ್ಲಿಸುತ್ತಾರೆ. ಬಿಳಿಭಾಗದ ಪ್ರೋಟೀನ್ ಆದ ಅಲ್ಬುಮಿನ್‌ಗೆ ಸತ್ವ ಬೆರೆಸಿ 70 ಡಿಗ್ರಿಗೆ ಕಾಯಿಸಿ 660 ನ್ಯಾನೋಮೀಟರ್ ಬೆಳಕಿನಲ್ಲಿ ಮಬ್ಬು ಅಳೆಯುವುದು. ಮಬ್ಬು ಕಮ್ಮಿಯಾದರೆ ಶಾಖಕ್ಕೆ ಪ್ರೋಟೀನ್ ಕೆಡುವುದನ್ನು ಸತ್ವ ತಡೆಯಿತು, ಹಾಗಾಗಿ ಉರಿಯೂತವನ್ನೂ ತಡೆಯಬಹುದು ಅನ್ನುವ ಲೆಕ್ಕ. ಸುಲಭ, ಅಗ್ಗ, ಇಲಿಯೂ ಬೇಕಿಲ್ಲ. ಆದರೆ ಸತ್ವಕ್ಕೇ ಬಣ್ಣ ಇರುತ್ತದೆ, ಅದರಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ರೀಡಿಂಗ್ ಎತ್ತ ಬೇಕಾದರೂ ವಾಲಬಹುದು. ಮೊದಲ ಜರಡಿಯಾಗಿ ಓಕೆ, ಅಷ್ಟರ ಮೇಲೆ ಉರಿಯೂತ ನಿವಾರಕ ಅಂತ ಬರೆಯುವುದು ಜಾಸ್ತಿ ಆಯಿತು.

ನಾನು ಮಾಡಿದ್ದು ಕ್ಯಾರಜೀನನ್ ಪರೀಕ್ಷೆ. ಕೆಂಪು ಕಡಲಪಾಚಿಯಿಂದ ಬರುವ ಈ ಪದಾರ್ಥದ 1% ದ್ರಾವಣವನ್ನು 0.1 ಮಿ.ಲೀ. ಇಲಿಯ ಹಿಂಗಾಲಿನ ಅಂಗಾಲಿಗೆ ಚುಚ್ಚಿದರೆ ಊತ ಬರುತ್ತದೆ. ಪ್ರಾಣಿಗೆ ನೋವಾಗುವ ಕೆಲಸ, ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಕೈಹಾಕುವ ಹಾಗಿಲ್ಲ. ಇಲಿಗಳನ್ನು ಆರಾರರಂತೆ ಗುಂಪು ಮಾಡಿದೆ: ಬರೀ ಸಿಎಂಸಿ ದ್ರಾವಣ (ಔಷಧಿ ಬೆರೆಸಲು ಬಳಸುವ ಅಂಟು ದ್ರವ) ಕುಡಿಸಿದ್ದು, ಹೋಲಿಕೆಗೆ ಊತ ಇಳಿಸುವ ಮಾತ್ರೆಯ ಔಷಧಿ ಡೈಕ್ಲೊಫೆನಾಕ್ ಕೊಟ್ಟಿದ್ದು, ಸತ್ವ ಪ್ರತಿ ಕೆಜಿ ತೂಕಕ್ಕೆ 200 ಮತ್ತು 400 ಮಿ.ಗ್ರಾಂ. ಕೊಟ್ಟಿದ್ದು. ಔಷಧಿ ಬಾಯಿಗೆ ಹಾಕಿ ಒಂದು ಗಂಟೆ ಬಿಟ್ಟು ಕ್ಯಾರಜೀನನ್ ಚುಚ್ಚಿದೆ.

ಅಳೆಯುವುದು ಪ್ಲೆತಿಸ್ಮೋಮೀಟರ್‌ನಲ್ಲಿ. ಪಾದ ಮುಳುಗಿಸಿದಾಗ ದ್ರವ ಎಷ್ಟು ಏರಿತು ಅನ್ನುವುದೇ ಪಾದದ ಗಾತ್ರ. ಕೈಚಳಕ ಇರುವುದೇ ಇಲ್ಲಿ. ಹರಡಿನ ಹತ್ತಿರ ಮಾರ್ಕರ್‌ನಲ್ಲಿ ಗೆರೆ ಎಳೆದು ಪ್ರತಿ ಸಲ ಸರಿಯಾಗಿ ಆ ಗೆರೆಯವರೆಗೇ ಅದ್ದಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಔಷಧಿಯ ಪರಿಣಾಮ ಯಾವುದು, ನಮ್ಮ ಕೈಯ ಪರಿಣಾಮ ಯಾವುದು ಗೊತ್ತಾಗಲ್ಲ. ಯಾವ ಇಲಿ ಯಾವ ಗುಂಪಿನದು ಅಂತ ತಿಳಿಯದ ಗೆಳತಿಯ ಕೈಲಿ ರೀಡಿಂಗ್ ತೆಗೆಸಿದೆ. ನಾನೇ ತೆಗೆದರೆ ನನ್ನ ಆಸೆಯೂ ಅದರಲ್ಲಿ ಸೇರುತ್ತದೆ!

ಮೊದಲ ಗಂಟೆಯಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೂರನೇ ಗಂಟೆಗೆ 400ರ ಗುಂಪಿನಲ್ಲಿ ಊತ ಚೆನ್ನಾಗಿಯೇ ಕಮ್ಮಿ ಇತ್ತು, ಡೈಕ್ಲೊಫೆನಾಕ್‌ನಷ್ಟು ಅಲ್ಲ. ಈ ಹೊತ್ತಿನ ಲೆಕ್ಕಕ್ಕೆ ಅರ್ಥ ಇದೆ. ಶುರುವಿನ ಊತಕ್ಕೆ ದೇಹವೇ ಬಿಡುವ ಹಿಸ್ಟಮಿನ್, ಸೆರೊಟೋನಿನ್ ಅನ್ನುವ ರಾಸಾಯನಿಕಗಳು ಕಾರಣ. ಸುಮಾರು ಮೂರನೇ ಗಂಟೆಯಿಂದ ಪ್ರೊಸ್ಟಗ್ಲಾಂಡಿನ್ ಅನ್ನುವ ಇನ್ನೊಂದು ಬಗೆಯ ರಾಸಾಯನಿಕಗಳದ್ದೇ ಕಾರುಬಾರು, ಆಸ್ಪಿರಿನ್ ತಡೆಯುವುದೂ ಅವನ್ನೇ ಅಂತ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದ್ದು. ಸತ್ವವೂ ಆ ದಾರಿಯಲ್ಲೇ ಎಲ್ಲೋ ಅಡ್ಡ ಬರುತ್ತಿರಬಹುದು. ಇರಬಹುದು ಅಷ್ಟೇ, ಪ್ರೊಸ್ಟಗ್ಲಾಂಡಿನ್ ತಯಾರಿಸುವ ಕಾಕ್ಸ್-2 ಕಿಣ್ವವನ್ನು ನೇರವಾಗಿ ಅಳೆಯದೆ ಹೌದು ಅನ್ನೋಕಾಗಲ್ಲ.

ಇದನ್ನು ಕೇಳಿದವರ ಮುಂದಿನ ಪ್ರಶ್ನೆ, ಕಷಾಯ ಮಾಡಿ ಕುಡಿಯಬಹುದಾ? ಇಲಿಯ ಡೋಸನ್ನು ಮನುಷ್ಯರಿಗೆ ಹೊಂದಿಸಲು 6.2ರಿಂದ ಭಾಗಿಸುವ ರೂಢಿ ಇದೆ. ಆ ಪ್ರಕಾರ 400ರ ಡೋಸು 60 ಕೆಜಿ ತೂಕದವರಿಗೆ ಒಂದು ಹೊತ್ತಿಗೆ ಸತ್ವವೇ 3.9 ಗ್ರಾಂ ಹತ್ತಿರ ಬರುತ್ತದೆ, ಒಣಸೊಪ್ಪಿನ ಲೆಕ್ಕದಲ್ಲಿ 40 ಗ್ರಾಂ ಹತ್ತಿರ. ನಾನು ಇಲಿಗಳಿಗೆ ಕೊಟ್ಟಿದ್ದೂ ಒಂದೇ ಸಲ, ದಿನಾ ತಿಂದರೆ ಲಿವರ್, ಕಿಡ್ನಿ ಏನಾಗುತ್ತದೆ ಅಂತ ನೋಡಿಲ್ಲ. ಹಾಗಾಗಿ ಶಾಖ ಬೇಕಾದರೆ ಕೊಟ್ಟುಕೊಳ್ಳಿ, ಸುಮ್ನೆ ಕುಡಿಯೋಕೆ ಹೋಗಬೇಡಿ ಅಂತಲೇ ಹೇಳುತ್ತೇನೆ.