ಬೇಸಿಗೆಯಲ್ಲೂ ತಾರಸಿ ಮೇಲೆ ಕೊತ್ತಂಬರಿ

"ಏಪ್ರಿಲ್‌ನಲ್ಲಿ ಕೊತ್ತಂಬರಿನಾ? ದಾವಣಗೆರೆ ಬಿಸಿಲಿಗೆ? ಬೀಜ ದಂಡ ಕಣ್ರೀ" ಅಂದಿದ್ದರು ತಾರಸಿ ತೋಟದ ಗೆಳತಿಯರು. ಈ ಬೇಸಿಗೆಯಿಡೀ ನಾನು ಸಂತೆಯಿಂದ ಒಂದು ಕಟ್ಟೂ ತರಲಿಲ್ಲ. ಹಾಗೆ ಅಂದವರ ಮನೆಗೂ ಒಂದೊಂದು ಹಿಡಿ ಕೊಟ್ಟು ಬಂದೆ.

ಹಿಂದಿನ ಎರಡು ಬೇಸಿಗೆ ಕೈ ಸುಟ್ಟುಕೊಂಡಿದ್ದೆ. ಮೊದಲ ಸಲ ಬೀಜ ಮೇಲೇಳಲೇ ಇಲ್ಲ. ಮರುವರ್ಷ ಎದ್ದವು, ಆದರೆ ನಾಲ್ಕೆಲೆ ಬಿಡುವಷ್ಟರಲ್ಲಿ ದಂಟೆಳೆದು ಹೂವಿಗೆ ನಿಂತವು. ಗ್ರೋ ಬ್ಯಾಗು, ಕೋಕೋಪೀಟು (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ನೆರಳು ಪರದೆ ಅಂತ ನಾಲ್ಕು ಸಾವಿರದ ಹತ್ತಿರ ಖರ್ಚಾಗಿತ್ತು. ಅದಕ್ಕೆ ಎಷ್ಟು ಕಟ್ಟು ಬರುತ್ತಿತ್ತು ಅಂತ ಮನೆಯವರು ಲೆಕ್ಕ ಹಾಕಿ ತೋರಿಸಿದರು. ಔಷಧಿ ಹಾಕದ ಬೀಜ ಬೇಕು ಅಂತ ಕೇಳಿ ಕೇಳಿ ತಂದ ಪೊಟ್ಟಣ ಬಿಚ್ಚಿದರೆ ಗುಲಾಬಿ ಬಣ್ಣದ ಔಷಧಿ ಲೇಪ! ಕೊಟ್ಟ ದುಡ್ಡು ನೀರಿಗೆ ಹೋಯಿತು.

ಒಂದು ಮಧ್ಯಾಹ್ನ ಗ್ರೋ ಬ್ಯಾಗಿನ ಮಣ್ಣಿಗೆ ಬೆರಳಿಟ್ಟೆ, ತಳದಲ್ಲಿ ಕೈ ಇಡಲಾಗಲಿಲ್ಲ. ಮೇಲಿನ ಬಿಸಿಲಿಗೆ ಪರದೆ ಇತ್ತು. ಕೆಳಗೆ ಕಾದ ಕಾಂಕ್ರೀಟು ತಾರಸಿ ಬೇರನ್ನು ಬೇಯಿಸುತ್ತಿತ್ತು. ಹಣ್ಣಿನ ಅಂಗಡಿಯ ಹಳೇ ಕ್ರೇಟುಗಳನ್ನು ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ ಕೊಟ್ಟು ತಂದು, ಒಳಗೆ ಅಕ್ಕಿ ಚೀಲ ಹಾಸಿ, ಎರಡು ವರಸೆ ಇಟ್ಟಿಗೆ ಮೇಲೆ ಕೂರಿಸಿದೆ. ಅಡಿಯಲ್ಲಿ ಗಾಳಿ ಆಡಬೇಕು. ಬೆಳಗಿನ ಬಿಸಿಲು ಹತ್ತರವರೆಗೆ ಸಾಕು, ಆಮೇಲೆ ಪರದೆ.

ಇನ್ನು ಮೊಳಕೆ. ಬೀಜವನ್ನು ಬಟ್ಟೆ ಮೇಲೆ ಹರವಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸುತ್ತೇನೆ. ಎರಡು ಹೋಳಾದರೆ ಸರಿ, ನುಚ್ಚಾದರೆ ಸಾರಿನ ಪುಡಿಗೇ. ರಾತ್ರಿ ನೆನೆಸಿ, ಬಸಿದು, ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಕುಡಿಯುವ ನೀರಿನ ಮಣ್ಣಿನ ಮಡಕೆಯ ಕೆಳಗಿನ ಹಸಿ ಮರಳಿನಲ್ಲಿ ಹುದುಗಿಸುತ್ತೇನೆ. ಮನೆಯಲ್ಲಿ ಅಷ್ಟು ತಂಪಿನ ಜಾಗ ಇನ್ನೊಂದಿಲ್ಲ. ದಿನಾ ಒಮ್ಮೆ ಬಿಚ್ಚಿ ಮೂಸಿ ನೋಡಬೇಕು. ಹುಳಿ ವಾಸನೆ ಬಂದರೆ ತೊಳೆದು ಮತ್ತೆ ಕಟ್ಟಬೇಕು. ವಾರದೊಳಗೆ ಸಾಸಿವೆಯಷ್ಟು ಬಿಳಿ ತುದಿ ಇಣುಕುತ್ತದೆ. ಆಗ ಬಿತ್ತಿ, ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಗೋಣಿ ಹೊದಿಸುತ್ತೇನೆ. ಸಸಿ ತಲೆ ಎತ್ತಿದ ಸಂಜೆಯೇ ಗೋಣಿ ತೆಗೆಯಬೇಕು. ನೆನೆಸುವ ನೀರಿಗೆ ನಾನು ಹಾಕುವುದು ಏನು ಅಂತ ಸದ್ಯಕ್ಕೆ ಹೇಳುವುದಿಲ್ಲ. ಇನ್ನೊಂದು ಬೇಸಿಗೆ ನೋಡಿಯೇ ಹೇಳುತ್ತೇನೆ.

ಹೆಚ್ಚುಕಡಿಮೆ ನಲವತ್ತು ದಿನಕ್ಕೆ ಮೊದಲ ಕೊಯ್ಲು. ಕೀಳಬೇಡಿ, ಹೊರಗಿನ ಎಲೆ ಮಾತ್ರ ಚಿವುಟಿ. ಬೇಸಿಗೆಯಲ್ಲಿ ಎರಡು ಕೊಯ್ಲಿಗಿಂತ ಹೆಚ್ಚು ಆಸೆ ಬೇಡ. ಹತ್ತು ಹನ್ನೆರಡು ದಿನಕ್ಕೊಂದು ಕ್ರೇಟು ಬಿತ್ತುತ್ತಿದ್ದರೆ ಸಾಲು ತಪ್ಪುವುದಿಲ್ಲ. ಪದೇ ಪದೇ ಕೊಯ್ಯಲೆಂದೇ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಟ್ಟ ಅರ್ಕಾ ಇಶಾ ತಳಿಯನ್ನೂ ಪಕ್ಕದಲ್ಲಿ ಬಿತ್ತಿದ್ದೆ. ಚಳಿಗಾಲಕ್ಕೆ ಅದೇ ಮುಂದೆ, ಸೆಕೆಗೆ ನಮ್ಮ ನಾಟಿ ಬೀಜವೇ ತಡೆಯಿತು.

ಹೂವಿಗೆ ಹೋದ ಒಂದು ಕ್ರೇಟನ್ನು ಕಿತ್ತು ಹಾಕದೆ ಬದನೆ ಪಕ್ಕಕ್ಕೆ ಇಟ್ಟೆ. ಗುಲಗಂಜಿ ಹುಳ ಬಂದು ಕೂತವು, ಬದನೆಯ ಹೇನು ಕಡಿಮೆಯಾಯಿತು. ಹಸಿ ಕಾಯಿ ಜಜ್ಜಿ ತಿಳಿಸಾರಿಗೆ ಹಾಕಿದರೆ ರುಚಿಯೇ ಬೇರೆ. ಉಳಿದದ್ದನ್ನು ಒಣಗಿಸಿ ಬೀಜಕ್ಕೆ ಇಟ್ಟಿದ್ದೇನೆ; ಕೊಂಡು ತಂದದ್ದಕ್ಕಿಂತ ಬೇಗ ಮೊಳೆಯುತ್ತಿದೆ. ಇದೇ ಮಡಕೆ ಮರಳಿನಲ್ಲಿ ಈಗ ಪಾಲಕ್ ಗಂಟು ಇದೆ.