ನಿಂಬೆಹಣ್ಣು ಹಿಂಡುವುದಕ್ಕೂ ಒಂದು ಹೊತ್ತಿದೆ

ನಮ್ಮ ಮೊಮ್ಮಗ ಬೆಂಗಳೂರಿಂದ ಮೈಸೂರಿಗೆ ಬಂದಾಗಲೆಲ್ಲ 1000 ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆ ಡಬ್ಬಿ ತರುತ್ತಾನೆ. ಬೆಳಿಗ್ಗೆ ಒಂದು ನುಂಗಿದರೆ ಆಯಿತಂತೆ! ಅಲ್ಲಪ್ಪಾ, ಸಣ್ಣ ಕರುಳು ಹೀರುವುದಕ್ಕೂ ಒಂದು ಮಿತಿ ಇದೆ ಅಲ್ವಾ? ದಿನಕ್ಕೆ 100, 150 ಮಿಲಿಗ್ರಾಂ ಹೋದರೆ ಬಹುಪಾಲು ಹೀರಿಕೊಳ್ಳುತ್ತದೆ. 1000 ದಾಟಿದರೆ ಅರ್ಧವೂ ಹೀರುವುದಿಲ್ಲ. ಹೀರಿದ್ದರಲ್ಲೂ ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 65ರಿಂದ 80 ಮಿಲಿಗ್ರಾಂ. ದೇವರಾಜ ಮಾರ್ಕೆಟ್ಟಿಂದ ತಂದ ಒಂದು ಒಳ್ಳೆ ಸೀಬೆಹಣ್ಣಲ್ಲಿ ಅಷ್ಟೂ ಸಿಗುತ್ತದೆ.

ಹೋಗಲಿ, ಹಣ್ಣು, ಸೊಪ್ಪು ತಿನ್ನುವವರಾದರೂ ಸರಿಯಾಗಿ ಮಾಡುತ್ತಾರಾ? ಸೊಪ್ಪು ಹೆಚ್ಚಿ ಆಮೇಲೆ ನೀರಲ್ಲಿ ನೆನೆಹಾಕುತ್ತಾರೆ. ಸತ್ವವೆಲ್ಲ ನೀರಿಗೆ ಇಳಿಯುತ್ತದೆ. ತೊಳೆದು ಹೆಚ್ಚಬೇಕು. ಬಸಿದ ನೀರನ್ನು ಸುಮ್ನೆ ಚೆಲ್ಲಬೇಡಿ, ಬಸ್ಸಾರು ಇರುವುದೇ ಅದಕ್ಕೆ.

ಇನ್ನು ಕುದಿಯುವ ಸಾರಿಗೆ ನಿಂಬೆಹಣ್ಣು ಹಿಂಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಬಿಸಿಗೆ ನಿಂಬೆಯ ವಿಟಮಿನ್ ಸಿ ಹಾಳಾಗುತ್ತದೆ. ಮಂಡ್ಯ ಕಡೆಯ ನಮ್ಮತ್ತೆ ತಟ್ಟೆಗೆ ಮುದ್ದೆ ಬೀಳುವ ತನಕ ಹಣ್ಣು ಹೆಚ್ಚಲು ಬಿಡುತ್ತಿರಲಿಲ್ಲ. ಸಿಪ್ಪೆ ತೆಳ್ಳಗೆ, ಹೊಳಪಾಗಿರುವ ಹಣ್ಣು ಆರಿಸಿ. ಮಣೆ ಮೇಲೆ ಅಂಗೈಯಲ್ಲಿ ಒತ್ತಿ, ಮೆತ್ತಗಾಗುವ ತನಕ ಉರುಳಿಸಿ. ತೊಟ್ಟಿಂದ ಕೆಳಕ್ಕೆ ಸೀಳಬೇಡಿ, ಅಡ್ಡ ಹೆಚ್ಚಿ, ಆಗಲೇ ರಸ ಬರುವುದು. ಚಾಕು ತುದಿಯಲ್ಲಿ ಬೀಜ ತೆಗೆಯಿರಿ. ಸಾರು, ಪಲ್ಯ ತಟ್ಟೆಗೆ ಬಂದು, ಬೆರಳು ಅದ್ದಿದರೆ ತಡೆಯುವಷ್ಟು ಬಿಸಿ ಇದ್ದಾಗ ಹಿಂಡಿ. ಚಿತ್ರಾನ್ನಕ್ಕೂ ಅಷ್ಟೇ, ಅನ್ನ ಆರಿರಬೇಕು. ರಸವನ್ನು ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಲೇಬೇಡಿ. ತಾಮ್ರ ತಗುಲಿದರೆ ವಿಟಮಿನ್ ಬೇಗ ಹಾಳಾಗುತ್ತದೆ. ಹಿಂಡಿದ ಸಿಪ್ಪೆ ಮಾತ್ರ ಎಸೆಯಬೇಡಿ. ಉಪ್ಪು ಹಚ್ಚಿ ದೇವರ ದೀಪ ಉಜ್ಜಿ, ತಕ್ಷಣ ತೊಳೆದು ಬಟ್ಟೆಯಲ್ಲಿ ಒರೆಸಿ. ಹಾಗೇ ಬಿಟ್ಟರೆ ಕಲೆ ಕೂರುತ್ತದೆ.

ಊಟದ ಜೊತೆಯೇ ಹಿಂಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ರಾಗಿ, ಸೊಪ್ಪಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತಲು ವಿಟಮಿನ್ ಸಿ ಅದೇ ಊಟದಲ್ಲಿ ಇರಬೇಕು. ಊಟ ಮುಗಿದ ಕೂಡಲೇ ಕಾಫಿ ಕುಡಿದರೆ ಅದಕ್ಕೇ ಅಡ್ಡಿ. ಒಂದು ಗಂಟೆ ತಡೆಯಿರಿ.

ಮಾತ್ರೆ ಕೆಟ್ಟದ್ದು ಅನ್ನುತ್ತಿಲ್ಲ. ಹಣ್ಣಿನದ್ದನ್ನೂ ಮಾತ್ರೆಯದ್ದನ್ನೂ ಕರುಳು ಒಂದೇ ಥರ ಹೀರುತ್ತದೆ. ಆದರೆ ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ ತಗೊಳ್ಳಿ, ಅದನ್ನೂ ಅವರನ್ನು ಕೇಳಿ ಬೆಳಿಗ್ಗೆ ಸ್ವಲ್ಪ, ರಾತ್ರಿ ಸ್ವಲ್ಪ ಮಾಡಿಕೊಳ್ಳಿ. ಕಿಡ್ನಿ ಕಲ್ಲು ಆಗಿರುವವರು ಅವರನ್ನು ಕೇಳದೆ ಡಬ್ಬಿ ಮುಟ್ಟಲೇಬೇಡಿ.