ನೋಟಿಸ್ ತಗೊಳ್ಳಲ್ಲ ಅಂದ್ರೆ ಏನು ಮಾಡಬೇಕು?

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ ಇದೆ ಅಂದುಕೊಳ್ಳಿ. ಬಿಲ್ ಹಾಕುವ ಹುಡುಗ ಹೇಳದೆ ಕೇಳದೆ ಐದು ದಿನ ಬಂದಿಲ್ಲ. ಆರನೇ ದಿನ ಬಂದಾಗ ಮಾಲೀಕರು ವಿವರಣೆ ಕೇಳುವ ನೋಟಿಸ್ ಮುಂದೆ ಹಿಡಿಯುತ್ತಾರೆ. ಹುಡುಗ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾನೆ. "ನಾ ತಗೊಳ್ಳಲ್ರಿ ಸಾವ್ಕಾರ್ರೇ. ಸೈನ್ ಹಾಕಿದ್ರೆ ತಪ್ಪು ಒಪ್ಕೊಂಡಂಗಾಗುತ್ತೆ."

ಮಾಲೀಕರಿಗೆ ಸಿಟ್ಟು ನೆತ್ತಿಗೇರುತ್ತದೆ. ಗಲಾಟೆ ಶುರುವಾಗುತ್ತದೆ. ಐದು ದಿನದ ರಜೆಯ ವಿಷಯ ಅಲ್ಲಿಗೇ ಮರೆತುಹೋಗುತ್ತದೆ.

ನಿಜ ಹೇಳಬೇಕೆಂದರೆ ಅವನು ಸೈನ್ ಹಾಕದಿದ್ದರೂ ನಡೆಯುತ್ತದೆ. ನಿಮಗೆ ಬೇಕಾದದ್ದು ಅವನ ಸೈನ್ ಅಲ್ಲ, ನೀವು ನೋಟಿಸ್ ಕೊಡಲು ಹೋದಿರಿ ಅನ್ನುವುದಕ್ಕೆ ಪುರಾವೆ. ಮುಂದಿನ ಕೆಲಸವೆಲ್ಲ ಅದಕ್ಕಾಗಿಯೇ.

ಮೊದಲು ನೋಟಿಸನ್ನೇ ಒಮ್ಮೆ ಓದಿ

ಕೊಡುವ ಮುಂಚೆ ಐದು ನಿಮಿಷ ಕೂತು ನೋಡಿ. ನೋಟಿಸ್ ಕನ್ನಡದಲ್ಲಿ ಇದೆಯೇ? ಇಂಗ್ಲಿಷ್ ಓದಲು ಬಾರದವನ ಕೈಗೆ ಇಂಗ್ಲಿಷ್ ಕಾಗದ ಕೊಟ್ಟರೆ ಅವನು ಹೆದರುವುದು ಸಹಜ ಅಲ್ವಾ? ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು ಎಂದು ಬಿಡಿಸಿ ಬರೆದಿದೆಯೇ? "ನಿಮ್ಮ ನಡವಳಿಕೆ ಸರಿಯಿಲ್ಲ" ಅಂತ ಬರೆದರೆ ಅದಕ್ಕೆ ಯಾರೂ ಉತ್ತರ ಕೊಡಲು ಆಗುವುದಿಲ್ಲ. ತೀರ್ಪನ್ನು ಮೊದಲೇ ಬರೆದುಬಿಡಬೇಡಿ. "ನೀವು ಹಣ ಕದ್ದಿದ್ದೀರಿ" ಅನ್ನುವುದು ಬೇರೆ, "ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆ ಬಂದಿದೆ, ಇದಕ್ಕೆ ನಿಮ್ಮ ವಿವರಣೆ ಏನು" ಅನ್ನುವುದು ಬೇರೆ. ಉತ್ತರಕ್ಕೆ ಒಂದು ವಾರವಾದರೂ ಸಮಯ ಕೊಡಿ. ಎರಡು ಪ್ರತಿ ಮಾಡಿಸಿ.

ಕರೆಯುವುದು, ಹೇಳುವುದು

ಗಿರಾಕಿಗಳ ಎದುರು, ಕೌಂಟರ್ ಮೇಲೆ ನೋಟಿಸ್ ಎಸೆಯಬೇಡಿ. ಒಳಗೆ ಕರೆದು ಕೂರಿಸಿ. ಜೊತೆಗೆ ಇಬ್ಬರು ಇರಲಿ. ದೂರು ಕೊಟ್ಟವರು ಬೇಡ, ನಿಮ್ಮ ಭಾವಮೈದನೂ ಬೇಡ. ಕಾರ್ಖಾನೆಯಾದರೆ ಯೂನಿಯನ್ನಿನವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ನಿಧಾನವಾಗಿ ಹೇಳಿ: "ನೋಡಪ್ಪ, ಈ ಸೈನು ಕಾಗದ ಸಿಕ್ಕಿತು ಅನ್ನೋದಕ್ಕೆ ಮಾತ್ರ. ತಪ್ಪು ಒಪ್ಕೊಂಡೆ ಅಂತಲ್ಲ." ಹತ್ತಿ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದ್ದನ್ನು ಕಂಡ ಊರು ಇದು. ಆಫೀಸಿನವರು ಚಾಚಿದ ಕಾಗದವನ್ನು ಕಂಡರೆ ಕೆಲಸಗಾರ ಹಿಂದೆ ಸರಿಯುವುದು ಸುಮ್ನೆ ಹಟ ಅಂತ ನನಗೆ ಅನ್ನಿಸುವುದಿಲ್ಲ.

ಇಲ್ಲಿ ಒಂದು ಸಣ್ಣ ಉಪಾಯ ಇದೆ. ಅವನ ಕೈಯಲ್ಲೇ ಹೀಗೆ ಬರೆಯಲು ಹೇಳಿ: "ನೋಟಿಸ್ ಪಡೆದಿದ್ದೇನೆ. ಆರೋಪ ಒಪ್ಪಿಲ್ಲ." ಕೆಳಗೆ ಸೈನ್, ತಾರೀಖು. ನನ್ನ ಅನುಭವದಲ್ಲಿ ತುಂಬ ಜನ ಇಲ್ಲಿಗೇ ಒಪ್ಪಿಕೊಳ್ಳುತ್ತಾರೆ.

ಆದರೂ ಬೇಡ ಅಂದರೆ

ಜೇಬಿಗೆ ತುರುಕಬೇಡಿ. ಗೇಟಿನಲ್ಲಿ ತಡೆಯಬೇಡಿ. ಸಂಬಳ ಹಿಡಿಯುತ್ತೇನೆ ಅಂತ ಹೆದರಿಸಬೇಡಿ. ನೋಟಿಸನ್ನು ಇಬ್ಬರು ಸಾಕ್ಷಿಗಳ ಎದುರು ಜೋರಾಗಿ ಓದಿ ಹೇಳಿ. ಅವನು ಎದ್ದು ಹೋದರೆ ಹೋಗಲಿ. ಆಫೀಸ್ ಪ್ರತಿಯ ಕೆಳಗೆ ಆಗಲೇ, ಅಲ್ಲೇ ಒಂದು ಷರಾ ಬರೆಯಿರಿ:

"ಇಂದು ಬೆಳಿಗ್ಗೆ 11.20ಕ್ಕೆ ಆಫೀಸ್ ಕೋಣೆಯಲ್ಲಿ ಈ ನೋಟಿಸನ್ನು ಇವರಿಗೆ ಕೊಡಲು ಹೋದೆವು. ಕನ್ನಡದಲ್ಲಿ ಓದಿ ಹೇಳಿದೆವು. 'ತಗೊಳ್ಳುವುದಿಲ್ಲ' ಎಂದು ಹೇಳಿ ಹೊರಗೆ ಹೋದರು."

ಕೆಳಗೆ ನಿಮ್ಮ ಸೈನ್, ಇಬ್ಬರು ಸಾಕ್ಷಿಗಳ ಹೆಸರು, ಸೈನ್. ಸಂಜೆ ನೆನಪು ಮಾಡಿಕೊಂಡು ಬರೆದರೆ ಎಡವಟ್ಟಾಗುತ್ತದೆ. ಇದನ್ನು ನಾನು ಕೈ ಸುಟ್ಟುಕೊಂಡೇ ಕಲಿತೆ. ಹಿಂದೆ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದಾಗ, ನೋಟಿಸ್ ನಿರಾಕರಿಸಿದ ಒಬ್ಬರ ಬಗ್ಗೆ ಮರುದಿನ ಷರಾ ಬರೆದೆ. ಸಮಯ ಬೆಳಿಗ್ಗೆ ಹನ್ನೊಂದು ಎಂದು ಹಾಕಿದೆ. ಸಾಕ್ಷಿ ಹಾಕಿಸಲಿಲ್ಲ. ಆರೋಪದ ಬಗ್ಗೆ ಕಾರ್ಖಾನೆಯವರೇ ನಡೆಸಿದ ವಿಚಾರಣೆಯಲ್ಲಿ ಅವರು ಹಾಜರಿ ಪುಸ್ತಕ ತೆಗೆಸಿದರು. ಅವತ್ತು ಅವರದ್ದು ಸೆಕೆಂಡ್ ಶಿಫ್ಟ್. ಹನ್ನೊಂದಕ್ಕೆ ಅವರು ಇನ್ನೂ ಮನೆಯಲ್ಲೇ ಇದ್ದರು! ನನ್ನ ಮುಖ ನೋಡುವಂತಿತ್ತು.

ಅದೇ ದಿನ ಅಂಚೆಗೆ

ಷರಾ ಬರೆದರೆ ಮುಗಿಯಲಿಲ್ಲ. ಅವತ್ತೇ ಅಂಚೆ ಕಚೇರಿಗೆ ಹೋಗಿ. "ರಿಜಿಸ್ಟರ್ ಪೋಸ್ಟ್ ಮಾಡಿ" ಅಂತ ಕೇಳುವುದು ನಮಗೆ ರೂಢಿ. 2025ರ ಸೆಪ್ಟೆಂಬರ್ 1ರಿಂದ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಈಗ ಸ್ಪೀಡ್ ಪೋಸ್ಟ್ ಮಾಡಿ, ಅದರಲ್ಲೇ ನೋಂದಣಿ ಸೌಲಭ್ಯ ಕೇಳಬೇಕು. ಆಗ ಲಕೋಟೆಯನ್ನು ಸಂಬಂಧಪಟ್ಟವರ ಕೈಗೇ ಕೊಡುತ್ತಾರೆ. ಜೊತೆಗೆ ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿ ಪಡೆಯಿರಿ.

ವಿಳಾಸದಲ್ಲಿ ಜಿಪುಣತನ ಬೇಡ. ನಿಟುವಳ್ಳಿಯಲ್ಲಿ ಬಾಡಿಗೆ ರೂಮು, ಊರು ಜಗಳೂರು ಕಡೆ ಅನ್ನುವವರಿಗೆ ಎರಡೂ ವಿಳಾಸಕ್ಕೆ ಕಳಿಸಿ. ರಸೀದಿಗಳನ್ನು ಆಫೀಸ್ ಪ್ರತಿಯ ಬೆನ್ನಿಗೆ ಅಂಟಿಸಿ.

ಲಕೋಟೆ ವಾಪಸ್ ಬಂದರೆ ಪೋಸ್ಟ್‌ಮನ್ ಬರೆದ ಷರಾ ನೋಡಿ. ಎಲ್ಲ ಷರಾಗಳಿಗೂ ಒಂದೇ ಬೆಲೆ ಇಲ್ಲ. "ತೆಗೆದುಕೊಳ್ಳಲು ನಿರಾಕರಿಸಿದರು" ಎಂದಿದ್ದರೆ ನಿಮ್ಮ ಸ್ಥಾನ ಗಟ್ಟಿ. ಎದುರಿಗೆ ಬಂದದ್ದನ್ನು ಅವರೇ ಬೇಡ ಅಂದಿದ್ದಾರೆ. "ಸಿಗಲಿಲ್ಲ" ಎಂದಿದ್ದರೆ ಕಥೆ ಬೇರೆ. 1998ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಿತ್ತು. ನೌಕರನಿಗೆ ಕಳಿಸಿದ್ದ ಆರೋಪ ಪಟ್ಟಿ "ಸಿಗಲಿಲ್ಲ" ಎಂಬ ಷರಾದೊಂದಿಗೆ ವಾಪಸ್ ಬಂದಿತ್ತು. ಅದನ್ನು ತಲುಪಿದಂತೆ ಎಣಿಸಲಾಗದು ಎಂದು ಕೋರ್ಟ್ ಹೇಳಿತು. ಅದೇ ಪ್ರಕರಣದಲ್ಲಿ ಶೋಕಾಸ್ ನೋಟಿಸನ್ನು (ಯಾಕೆ ಕ್ರಮ ತೆಗೆದುಕೊಳ್ಳಬಾರದು ಎಂದು ಕಾರಣ ಕೇಳುವ ನೋಟಿಸ್) ನೇರವಾಗಿ ಪತ್ರಿಕೆಯಲ್ಲಿ ಹಾಕಿಸಿದ್ದರು. ಮೊದಲು ಕೈಗೆ ಕೊಡಲು ಪ್ರಯತ್ನವನ್ನೇ ಮಾಡದೆ ಹೀಗೆ ಮಾಡಿದ್ದನ್ನೂ ಕೋರ್ಟ್ ಒಪ್ಪಲಿಲ್ಲ. ಹಾಗಾಗಿ ಪತ್ರಿಕೆ ಪ್ರಕಟಣೆ ಕೊನೆಯ ಮೆಟ್ಟಿಲು. ಮೊದಲನೆಯದಲ್ಲ.

ಒಂದು ಮಾತು ಮರೆಯಬೇಡಿ. ವಾಪಸ್ ಬಂದ ಲಕೋಟೆಯನ್ನು ಒಡೆಯಬೇಡಿ. ಹಾಗೇ ಫೈಲಿಗೆ ಹಾಕಿ. ಬೇಕಾದರೆ ವಿಚಾರಣೆಯಲ್ಲಿ ಎಲ್ಲರೆದುರು ಒಡೆಯಬಹುದು. ಒಡೆದ ಕವರ್ ತೋರಿಸಿದರೆ "ಒಳಗೆ ಖಾಲಿ ಹಾಳೆ ಇತ್ತು" ಅನ್ನುವವರೂ ಇದ್ದಾರೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವುದು ಜೊತೆಗಿನ ಪುರಾವೆಯಾಗಿ ಒಳ್ಳೆಯದೇ. ಅದೊಂದನ್ನೇ ನಂಬಿ ಕೂರಬೇಡಿ. ಆಫೀಸ್ ಗ್ರೂಪಿಗಂತೂ ಹಾಕಲೇಬೇಡಿ. ನೋಟಿಸ್ ಬೋರ್ಡಿಗೂ ಇದೇ ಮಾತು. ನಿಮ್ಮಲ್ಲಿ ಸ್ಥಾಯಿ ಆದೇಶಗಳು, ಅಂದರೆ ಕೆಲಸ ಮತ್ತು ಶಿಸ್ತಿನ ಬಗ್ಗೆ ಸಂಸ್ಥೆಯ ಲಿಖಿತ ನಿಯಮಗಳು ಇದ್ದು, ಬೋರ್ಡಿಗೆ ಹಚ್ಚಬೇಕು ಅಂತ ಅದರಲ್ಲಿದ್ದರೆ ಹಚ್ಚಿ. ಇಲ್ಲದಿದ್ದರೆ "ನಿಮ್ಮ ಹೆಸರಿಗೆ ಪತ್ರವಿದೆ, ಆಫೀಸಿನಿಂದ ಪಡೆಯಿರಿ" ಎಂಬ ಒಂದು ಸಾಲು ಸಾಕು. ಕಳ್ಳತನದ ಆರೋಪ ಗೋಡೆಗೆ ಹತ್ತಿದರೆ ಮರ್ಯಾದೆ ಹೋಗುವುದು ಅವನದೊಂದೇ ಅಲ್ಲ, ಅವನ ಮನೆಯವರದ್ದೂ ಹೌದು.

ಉತ್ತರ ಬರದಿದ್ದರೆ

ಕೊಟ್ಟ ಗಡುವು ಮುಗಿಯುವವರೆಗೆ ಕಾಯಿರಿ. ಉತ್ತರ ಕೊಡದಿದ್ದರೆ ತಪ್ಪು ಒಪ್ಪಿದಂತೆ ಅಂತ ತಿಳಿದುಕೊಂಡವರೇ ಜಾಸ್ತಿ. ಹಾಗೇನಿಲ್ಲ. ವಿಚಾರಣೆಯ ದಿನಾಂಕ ತಿಳಿಸಿ ಮತ್ತೊಂದು ಪತ್ರ ಕಳಿಸಬೇಕು. ಅದಕ್ಕೂ ಇದೇ ಕ್ರಮ. ಅವನು ಬಾರದಿದ್ದರೂ ಸಾಕ್ಷಿಗಳನ್ನು ಕೇಳಿ, ದಾಖಲೆ ನೋಡಿ, ಬರೆದಿಡಬೇಕು. ಖಾಲಿ ಕುರ್ಚಿ ತೋರಿಸಿ ವಜಾ ಮಾಡಲು ಬರುವುದಿಲ್ಲ.

"ನಮ್ಮದು ಹತ್ತು ಜನರ ಅಂಗಡಿ, ನಮಗೆ ಇದೆಲ್ಲ ಯಾಕೆ" ಅಂತ ಕೇಳುವವರಿದ್ದಾರೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸ್ಥಾಯಿ ಆದೇಶಗಳ ನಿಯಮ 300 ಕೆಲಸಗಾರರಿರುವ ಕಡೆಯಿಂದ ಶುರುವಾಗುತ್ತದೆ, ನಿಜ. ಆದರೆ ಅಂಗಡಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಸತತವಾಗಿ ದುಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ತೆಗೆಯುವ ಬಗ್ಗೆ ಒಂದು ತಿಂಗಳ ಮುಂಚಿತ ನೋಟಿಸ್ ಅಥವಾ ಅದರ ಸಂಬಳವೂ ಬೇಕು. ವಿಚಾರಣೆ ನಡೆಸಿ ದುರ್ನಡತೆಗೆ ಪುರಾವೆ ದಾಖಲಿಸಿದ್ದರೆ ಮಾತ್ರ ಆ ಒಂದು ತಿಂಗಳಿಗೆ ವಿನಾಯಿತಿ.

ಸ್ಥಾಯಿ ಆದೇಶ ಇರುವ ಕಾರ್ಖಾನೆಗಳಲ್ಲಿ ವಿಚಾರಣೆಗಾಗಿ ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು. ತಡ ಕೆಲಸಗಾರನಿಂದ ಆದದ್ದಲ್ಲವಾದರೆ ಆಮೇಲೆ ಶೇ 75.

ಕೆಲವೊಮ್ಮೆ ಹೀಗೂ ಆಗುತ್ತದೆ. ಎರಡು ದಿನ ಬಿಟ್ಟು ಅದೇ ಹುಡುಗ ಬಾಗಿಲಲ್ಲಿ ನಿಂತು, "ಆ ಕಾಗದ ಕೊಡ್ರಿ, ಮನ್ಯಾಗ ತೋರಿಸಬೇಕು" ಅನ್ನುತ್ತಾನೆ. "ಅವತ್ತು ಯಾಕೆ ಬೇಡ ಅಂದಿ?" ಅಂತ ಕೆದಕಬೇಡಿ. ಕೊಡಿ. ಅವತ್ತಿನ ತಾರೀಖು ಹಾಕಿಸಿ ಸೈನ್ ಮಾಡಿಸಿ. ಉತ್ತರದ ಒಂದು ವಾರವನ್ನು ಆ ದಿನದಿಂದಲೇ ಎಣಿಸಿ.